ಟೈಲರಮ್ಮನಿಗೆ ಅರ್ಥವಾಗಬೇಕು

ಬಸ್ಸಿನಿಂದ ಇಳಿದವಳು ಮಾಡಿದ ಮೊದಲ ಕೆಲಸವೆಂದರೆ ವಾಪಸು ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಂಡದ್ದು. ಮೂವತ್ತಾರು ದಾಟಿದ ಹೆಂಗಸು, ರಾಷ್ಟ್ರದ ವಿಜ್ಞಾನ ಅಕಾಡೆಮಿಯ ಪ್ರಶಸ್ತಿಗೆ ಆಯ್ಕೆಯಾದವಳು, ನಾಲ್ಕು ಜನರೆದುರು ನಿಂತು ಗಂಟೆಗಟ್ಟಲೆ ಪಾಠ ಹೇಳಬಲ್ಲವಳು. ಅಂಥವಳಿಗೆ ಒಂದು ಟೈಲರ್ ಅಂಗಡಿಗೆ ಹೋಗಲು ಹೆದರಿಕೆ. ಹೊಟ್ಟೆನೋವು ಎಂದುಬಿಡಲೇ? ಫೋನು ಬಂತು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನಲೇ? ಬಸ್ಸಿನಲ್ಲಿ ಕೂತಲ್ಲೇ ಇಂಥ ಆರೇಳು ಸುಳ್ಳು ಕಟ್ಟಿದ್ದಳು. ಒಂದನ್ನೂ ಹೇಳುವ ಧೈರ್ಯ ಬರಲಿಲ್ಲ. ಸುಳ್ಳು ಹೇಳಲೂ ಧೈರ್ಯ ಬೇಕಲ್ಲ, ಅದೂ ಇರಲಿಲ್ಲ ಪಾಪ.

"ಬನ್ನಿ ನಲ್ಲಿ ಮೇಡಂ, ಮೂರನೇ ಅಡ್ಡರಸ್ತೆ," ಎಂದರು ಜೊತೆಗೆ ಬಂದಿದ್ದ ಅಕಾಡೆಮಿಯ ಗುಮಾಸ್ತರು. "ಪ್ರತಿ ವರ್ಷ ಬರ್ತೀನಲ್ಲ, ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ."

ನಲ್ಲಿ ಮೇಡಂ ಎನ್ನುವುದು ಅವಳಿಗೆ ಸಂಶೋಧನಾಲಯದಲ್ಲಿ ಅಂಟಿದ್ದ ಹೆಸರು. ತಾನಾಗಿಯೇ ಮುಚ್ಚಿಕೊಳ್ಳುವ ಅನಿಲದ ನಲ್ಲಿಯೊಂದನ್ನು ಕಂಡುಹಿಡಿದಿದ್ದಳು, ಅದಕ್ಕೆ ಹಾಗೆ. ಹೆಸರು ಅಕಾಡೆಮಿಯವರೆಗೂ ನಡೆದುಕೊಂಡು ಬಂದಿತ್ತು. ಯಾರು ಹಾಗೆ ಕರೆದರೂ ಎಲ್ಲರ ಜೊತೆ ಅವಳೂ ನಗುತ್ತಿದ್ದಳು, ಆ ಹೆಸರು ಮಾತ್ರ ಅವಳಿಗೆ ಬೇಡವಾಗಿತ್ತು.

ಗುಮಾಸ್ತರು ಬಾಯಿ ಮುಚ್ಚಿಕೊಂಡು ನಡೆಯುವ ಪೈಕಿ ಅಲ್ಲ. "ನೋಡಿ ಮೇಡಂ, ಸರ್ಕಾರ ನಮಗೆ ಕಟ್ಟಡ ಕೊಟ್ಟಿದೆ, ಸಂಬಳ ಕೊಡುತ್ತೆ, ಇಲ್ಲ ಅನ್ನಲ್ಲ. ಆದರೆ ಪದಕ? ಒಂದೇ ಒಂದೂ ಸರ್ಕಾರದ್ದಲ್ಲ. ಗಣಿತದ್ದು ಒಬ್ಬ ಹಲ್ಲಿನ ಡಾಕ್ಟರ ಹೆಂಡತಿ ಕೊಟ್ಟಿದ್ದು. ನಕ್ಷತ್ರದ್ದು ಒಬ್ಬ ಕಬ್ಬಿಣದ ವ್ಯಾಪಾರಿ. ಆ ಪುಣ್ಯಾತ್ಮ ಜೀವಮಾನದಲ್ಲಿ ಒಂದು ಸಲ ತಲೆ ಎತ್ತಿ ಆಕಾಶ ನೋಡಿದ್ದನೋ ಇಲ್ಲವೋ! ಇಂಥವರು ಕೊಡದೆ ಇದ್ದಿದ್ರೆ ನಮ್ಮ ವಿಜ್ಞಾನಿಗಳು ವರ್ಷಕ್ಕೊಂದು ಸಲ ಸೇರಿ, ಒಬ್ಬರ ಮುಖ ಒಬ್ಬರು ನೋಡಿ, ಚಹಾ ಕುಡಿದು ಮನೆಗೆ ಹೋಗಬೇಕಿತ್ತು, ಅಷ್ಟೆ."

"ಹೌದು," ಎಂದಳು ಅವಳು.

"ಒಬ್ಬೊಬ್ಬ ದಾನಿದೂ ಒಂದೊಂದು ಹುಚ್ಚು. ಒಬ್ಬರಿಗೆ ಗೋಡೆ ಮೇಲೆ ಫೋಟೋ ಬೇಕು. ಒಬ್ಬರಿಗೆ ಕುರ್ಚಿ ಬೆನ್ನಿಗೆಲ್ಲ ಅಪ್ಪನ ಹೆಸರು ಬೇಕು. ನಮ್ಮ ಟೈಲರಮ್ಮ ಕೇಳಿದ್ದು ಒಂದೇ, ಮೇಡಂ. ನನಗೆ ಅರ್ಥ ಆಗಬೇಕು ಅಂದ್ರು."

ಆ ಷರತ್ತು ದಾನಪತ್ರದಲ್ಲೇ ಇತ್ತು. ಪ್ರಶಸ್ತಿಗೆ ಆಯ್ಕೆಯಾದವರು ಸಮಾರಂಭಕ್ಕೆ ಮೊದಲು ಟೈಲರಮ್ಮನ ಅಂಗಡಿಗೆ ಬರಬೇಕು. ತಾವು ಏನು ಮಾಡಿದೆವು, ಯಾಕೆ ಮಾಡಿದೆವು ಎಂದು ಆಕೆಗೆ ತಿಳಿಯುವಂತೆ ಹೇಳಬೇಕು. ಆಮೇಲೆ ಅದನ್ನೇ ನಾಲ್ಕು ಸಾಲಿನಲ್ಲಿ ಒಂದು ಚೀಟಿಯ ಮೇಲೆ ಬರೆಯಬೇಕು. ಅರ್ಥವಾಗಿದೆ ಎಂದು ಆಕೆ ಕೆಳಗೆ ಸಹಿ ಹಾಕಬೇಕು. ಪದಕ ಕೊಡುವ ಮುಂಚೆ ಅಧ್ಯಕ್ಷರು ಆ ಚೀಟಿಯನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಸಹಿ ಇಲ್ಲವೋ, ಪದಕವಿಲ್ಲ. ದೊಡ್ಡ ದೊಡ್ಡ ಪಂಡಿತರೇ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೆವರಿಳಿಸಿದ್ದಾರಂತೆ. ಒಬ್ಬ ಮಹಾಶಯರು ಮೂರು ಸಲ ಬಂದುಹೋದ ಮೇಲೆ ಆಕೆ ಸಹಿ ಹಾಕಿದಳೆಂದು ಗುಮಾಸ್ತರು ನಕ್ಕರು.

ಅವಳಿಗೆ ನಗು ಬರಲಿಲ್ಲ. ಏನು ಮಾಡಿದೆ ಎನ್ನುವುದನ್ನು ಹೇಳಲು ಅವಳಿಗೆ ಭಯವಿರಲಿಲ್ಲ. ಯಾಕೆ ಮಾಡಿದೆ ಎನ್ನುವುದಿತ್ತಲ್ಲ, ಅದನ್ನು ನೆನೆದೇ ಜೀವ ಬಾಯಿಗೆ ಬರುತ್ತಿತ್ತು.

ಇಲ್ಲಿ ವಿಷಯ ಮುಚ್ಚಿಟ್ಟು ಓದುವವರನ್ನು ಸತಾಯಿಸುವುದು ಬೇಡ, ಹೇಳಿಯೇ ಬಿಡೋಣ. ಟೈಲರಮ್ಮ ಪ್ರಶಸ್ತಿ ಇಟ್ಟದ್ದು ಸತ್ತುಹೋದ ಮಗನ ಹೆಸರಿನಲ್ಲಿ. ಆ ಮಗ ಒಂಬತ್ತು ವರ್ಷದ ಹಿಂದೆ ಇವಳ ಜೊತೆಗೇ ಸಂಶೋಧನೆ ಮಾಡುತ್ತಿದ್ದವನು. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ ಇದ್ದ, ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಅವರ ಪ್ರಯೋಗಶಾಲೆಯಲ್ಲಿ ಗೋಡೆಯಲ್ಲೊಂದು ಹೈಡ್ರೋಜನ್ ಅನಿಲದ ನಲ್ಲಿ. ಸಂಜೆ ಕೊನೆಗೆ ಹೋಗುವವರು ಅದನ್ನು ಮುಚ್ಚಿ, ಬಾಗಿಲ ಬಳಿಯ ಪುಸ್ತಕದಲ್ಲಿ ಸಹಿ ಹಾಕಿ ಹೋಗಬೇಕೆಂಬುದು ನಿಯಮ. ಆ ದಿನ ಆರು ಗಂಟೆಗೆ ಉದ್ದಣ್ಣ ಮುಚ್ಚಿದ, ಸಹಿ ಹಾಕಿದ, ಹೋದ. ಆರೂವರೆಗೆ ಇವಳು ವಾಪಸು ಬಂದಳು. ಒಂದು ಪ್ರಯೋಗ ಅರ್ಧಕ್ಕೆ ನಿಂತಿತ್ತು. ಹತ್ತೇ ನಿಮಿಷದ ಕೆಲಸ, ಅದಕ್ಕೇನು ಪುಸ್ತಕ, ಅದಕ್ಕೇನು ಸಹಿ ಎಂದುಕೊಂಡು ನಲ್ಲಿ ತೆರೆದಳು. ಅಷ್ಟರಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂತು. ಪ್ರಯೋಗದ ಸೀಸೆಯ ಕಡೆಯ ತಿರುಪು ಮಾತ್ರ ಮುಚ್ಚಿ ಓಡಿದಳು. ಗೋಡೆಯ ನಲ್ಲಿ ತೆರೆದೇ ಉಳಿಯಿತು. ರಾತ್ರಿ ಯಾವಾಗಲೋ ಎರಡರ ನಡುವಿನ ರಬ್ಬರಿನ ಕೊಳವೆ ಒತ್ತಡಕ್ಕೆ ಜಾರಿ ಕಳಚಿಕೊಂಡಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವನು ಉದ್ದಣ್ಣನೇ. ಬಂದ, ದೀಪದ ಸ್ವಿಚ್ಚು ಒತ್ತಿದ.

ವಿಚಾರಣೆ ನಡೆಯಿತು. ಪುಸ್ತಕದಲ್ಲಿ ಕೊನೆಯ ಸಹಿ ಅವನದು. ನಲ್ಲಿ ಮುಚ್ಚದೆಯೇ ಸಹಿ ಹಾಕಿ ಹೋಗಿದ್ದಾನೆ, ತನ್ನ ಮರೆವಿಗೆ ತಾನೇ ಬಲಿಯಾಗಿದ್ದಾನೆ ಎಂದು ವರದಿ ಬರೆದರು. ಇವಳು ತುಟಿಪಿಟಕ್ಕೆನ್ನಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಒಂದು ವಾರ ಹೋಯಿತು. ವಾರ ಕಳೆದ ಮೇಲೆ, ಒಂದು ವಾರ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರಲ್ಲ ಎಂಬ ಭಯ. ತಿಂಗಳಾದ ಮೇಲೆ ತಿಂಗಳಿನ ಭಯ. ಹಾಗೆ ಒಂಬತ್ತು ವರ್ಷ. ಆ ಭಯದಲ್ಲೇ ಕೂತು, ಆ ನಲ್ಲಿಯನ್ನೇ ಯೋಚಿಸಿ ಯೋಚಿಸಿ, ಮನುಷ್ಯ ಮರೆತರೂ ತಾನೇ ಮುಚ್ಚಿಕೊಳ್ಳುವ ನಲ್ಲಿ ಮಾಡಿದಳು. ಅವಳ ಪ್ರೊಫೆಸರು ಒಂದು ಮಾತೂ ಕೇಳದೆ ಅದನ್ನು ಅಕಾಡೆಮಿಗೆ ಕಳಿಸಿದರು. ಅಕಾಡೆಮಿಯವರು ಅದನ್ನು ಇದೇ ಪ್ರಶಸ್ತಿಗೆ ಆರಿಸಿದರು! ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಮೇಲಾಗಿ ವರ್ಷ ವರ್ಷ ನವೀಕರಿಸಿಕೊಳ್ಳುವ ಅವಳ ಕೆಲಸ ಈ ಪದಕ ಬಂದರೆ ಖಾಯಂ ಆಗುವುದಿತ್ತು. ಆಸೆಯೂ ಇತ್ತು, ಸುಳ್ಳೇಕೆ ಹೇಳಬೇಕು.

ಅಂಗಡಿ ಬಂದೇಬಿಟ್ಟಿತು. ಪಕ್ಕದ ಚಪ್ಪಲಿ ಅಂಗಡಿಯನ್ನು ತೋರಿಸಿ ಗುಮಾಸ್ತರು ಮೆಲ್ಲಗೆ ಹೇಳಿದರು, "ಅದೂ ಇವರದ್ದೇ ಆಗಿತ್ತು. ಅದನ್ನ ಮಾರಿಯೇ ನಮಗೆ ಕೊಟ್ಟಿದ್ದು."

ಒಳಗೆ ಎರಡು ಹೊಲಿಗೆ ಮೆಷೀನು, ಒಂದಕ್ಕೆ ಬಟ್ಟೆ ಹೊದಿಸಿತ್ತು. ಗೋಡೆಯುದ್ದಕ್ಕೂ ಅರ್ಧ ಹೊಲಿದ ಕೋಟುಗಳು ತೂಗುತ್ತಿದ್ದವು, ಕೆಲವಕ್ಕೆ ಒಂದೇ ತೋಳು. ಟೈಲರಮ್ಮ ಮೇಜಿನ ಮೇಲೆ ಬಗ್ಗಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಅರವತ್ತೈದರ ಸಣ್ಣ ಜೀವ, ಕೊರಳಿಗೆ ಟೇಪು, ತುಟಿಯ ನಡುವೆ ನಾಲ್ಕು ಗುಂಡುಸೂಜಿ. ಇಷ್ಟು ಕುಳ್ಳಗಿನ ತಾಯಿಗೆ ಅಷ್ಟು ಎತ್ತರದ ಮಗನೇ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಕಣ್ಣು ಕೆಳಗೆ ಹಾಕಿದಳು.

"ಬಾಮ್ಮ, ಕೂತ್ಕೋ," ಎಂದಳು ಟೈಲರಮ್ಮ, ಸೂಜಿಗಳನ್ನು ತೆಗೆದು ಮೇಜಿಗೆ ಚುಚ್ಚಿ. "ಈ ಸಲ ಹೆಣ್ಣುಮಗಳನ್ನ ಕಳಿಸಿದ್ದಾರೆ, ಒಳ್ಳೇದಾಯ್ತು. ಹೋದ ವರ್ಷ ಬಂದಿದ್ದವನು ಅಣು ಅಣು ಅಂತ ನನ್ನ ತಲೆ ತಿಂದುಬಿಟ್ಟ."

"ಅವರು ತುಂಬ ದೊಡ್ಡ ಹೆಸರು ಮಾಡಿದವರು," ಎಂದರು ಗುಮಾಸ್ತರು.

"ಮಾಡಲಿ. ಶರ್ಟಿನ ಗುಂಡಿ ತಪ್ಪಿಸಿ ಹಾಕ್ಕೊಂಡು ಬಂದಿದ್ದ." ಟೈಲರಮ್ಮ ಇವಳ ಕಡೆ ತಿರುಗಿದಳು. "ಯಾಕಮ್ಮ, ಮುಖ ಬಿಳಿಚಿಕೊಂಡಿದೆ? ಹೆದರಬೇಡ, ನಾನೇನು ನಿನ್ನ ತಿಂದುಹಾಕಲ್ಲ. ನೀರು ಕುಡಿ. ನಮ್ಮ ಹುಡುಗನೂ ಊಟಕ್ಕೆ ಕೂತಾಗ ಏನೇನೋ ಹೇಳೋನು. ನಾನು ಹೂಂ ಹೂಂ ಅನ್ನೋದು, ತಲೆಗೆ ಒಂದಕ್ಷರ ಹೋಗ್ತಿರಲಿಲ್ಲ. ಅಮ್ಮ ನಿಂಗೆ ಅರ್ಥ ಆಯ್ತಾ ಅನ್ನೋನು. ಆಯ್ತು ಬಿಡೋ ಅನ್ನೋಳು. ಅದಕ್ಕೇ ಈಗ ಅರ್ಥ ಮಾಡ್ಕೋಬೇಕು ಅಂತ ಹಟ."

ಅವಳು ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು. ಬಸ್ಸಿನಲ್ಲಿ ಉರುಹೊಡೆದಿದ್ದ ಪಾಠವನ್ನು ಒಪ್ಪಿಸಿ ಎದ್ದುಬಿಡಬೇಕು, ಅಷ್ಟೇ. ಯಾಕೆ ಎಂದು ಕೇಳಿದರೆ, ಅಪಘಾತಗಳು ಆಗುತ್ತಿರುತ್ತವಲ್ಲ ಅದಕ್ಕೆ ಎನ್ನಬೇಕು. ಅದೂ ಸುಳ್ಳಲ್ಲ.

"ಹೈಡ್ರೋಜನ್ ಅಂತ ಒಂದು ಅನಿಲ," ಎಂದು ಶುರು ಮಾಡಿದಳು. "ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸೋರಿದ್ರೆ ಗೊತ್ತಾಗಲ್ಲ. ಒಂದು ಕಿಡಿ ಸಾಕು..."

"ಅದು ಗೊತ್ತು ನನಗೆ," ಎಂದಳು ಟೈಲರಮ್ಮ. "ಮುಂದೆ ಹೇಳು."

ಅವಳು ಗೋಡೆಯ ಕೋಟೊಂದರ ಕಡೆ ಕೈ ತೋರಿಸಿದಳು. "ಅಮ್ಮ, ನೀವು ಕೋಟಿಗೆ ಒಳಗಡೆ ಲೈನಿಂಗ್ ಕೊಡ್ತೀರಲ್ಲ. ಮೇಲಿನ ಬಟ್ಟೆ ನೆನೆದ್ರೆ ಕುಗ್ಗುತ್ತೆ, ಲೈನಿಂಗ್ ಕುಗ್ಗಲ್ಲ ಅಂತ ಇಟ್ಕೊಳ್ಳಿ. ಮೊದಲೇ ನೆನೆಸದೆ ಎರಡನ್ನೂ ಸೇರಿಸಿ ಹೊಲಿದ್ರೆ?"

"ಒಗೆದ ಮೇಲೆ ಸುರುಟಿಕೊಳ್ಳುತ್ತೆ. ಗಿರಾಕಿ ಬಂದು ಮುಖಕ್ಕೆ ಬಿಸಾಕ್ತಾನೆ."

"ಅದೇ. ಎರಡು ಲೋಹದ ಪಟ್ಟಿ ಹಾಗೆ ಅಂಟಿಸಿದ್ದೀನಿ. ಒಂದು ಲೋಹ ಈ ಅನಿಲವನ್ನ ಕುಡಿದು ಉಬ್ಬುತ್ತೆ, ಇನ್ನೊಂದು ಉಬ್ಬಲ್ಲ. ಕೋಣೆಯಲ್ಲಿ ಅನಿಲ ಸೋರಿದ್ರೆ ಪಟ್ಟಿ ಬಾಗುತ್ತೆ. ಬಾಗಿದ ಕೂಡಲೇ ಒಂದು ಕೊಂಡಿ ಬಿಡುತ್ತೆ, ಸ್ಪ್ರಿಂಗ್ ನಲ್ಲಿಯನ್ನ ಮುಚ್ಚಿಬಿಡುತ್ತೆ. ಕರೆಂಟು ಬೇಡ, ಜನ ಬೇಡ. ಮರೆತರೂ ಪರವಾಗಿಲ್ಲ."

ಟೈಲರಮ್ಮ ಎರಡು ತುಂಡು ಬಟ್ಟೆ ಎತ್ತಿಕೊಂಡು, ಒಂದರ ಮೇಲೊಂದು ಇಟ್ಟು, ಬೆರಳಲ್ಲಿ ಬಾಗಿಸಿ ನೋಡಿದಳು. ಮುಖ ಅರಳಿತು. "ಅಯ್ಯೋ, ಇಷ್ಟೇನಾ! ಇದು ನನಗೂ ಹೊಳೀಬಹುದಾಗಿತ್ತಲ್ಲೇ! ಗುಮಾಸ್ತರೇ, ಈ ಹುಡುಗಿ ಜಾಣೆ ಕಣ್ರೀ. ಮೊದಲನೇ ಸಲಕ್ಕೇ ತಲೆಗೆ ಹೋಯ್ತು. ಕೊಡಿ ಚೀಟಿ."

ಗುಮಾಸ್ತರು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅವಳು ಪೆನ್ನು ಹಿಡಿದು ನಾಲ್ಕು ಸಾಲು ಬರೆದಳು. ಲೋಹ, ಪಟ್ಟಿ, ಕೊಂಡಿ, ನಲ್ಲಿ. ಬರೆದದ್ದು ಒಂದಕ್ಷರ ಸುಳ್ಳಲ್ಲ. ಬದುಕಿಕೊಂಡೆ, ಇನ್ನೆರಡು ನಿಮಿಷ, ಬಸ್ಸು ಮೂಲೆಯಲ್ಲೇ ನಿಲ್ಲುತ್ತದೆ ಎಂದು ಮನಸ್ಸು ಹೇಳುತ್ತಿತ್ತು.

"ಎಲ್ಲರಿಗೂ ಒಂದು ಪ್ರಶ್ನೆ ಕೇಳ್ತೀನಿ," ಎಂದಳು ಟೈಲರಮ್ಮ ಕನ್ನಡಕ ಹುಡುಕುತ್ತ. "ನೀನು ಮಾಡಿದ್ದು ಆವತ್ತು ಇದ್ದಿದ್ರೆ ನನ್ನ ಮಗ ಮನೆಗೆ ಬರ್ತಿದ್ನಾ ಅಂತ. ಎಲ್ಲರೂ ಇಲ್ಲಮ್ಮ, ನಮ್ಮ ವಿಷಯ ಬೇರೆ ಅಂತಾರೆ. ನೀನು ಹೇಳು."

ಅವಳು ಚೀಟಿಯಿಂದ ತಲೆ ಎತ್ತಲಿಲ್ಲ. "ಬರ್ತಿದ್ದ," ಎಂದಳು.

ಟೈಲರಮ್ಮ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಬದಲಿಗೆ ಮುಖ ಗಂಟಿಕ್ಕಿಕೊಂಡಿತು. "ನನ್ನ ಮಗನಂಥ ಮರೆಗುಳಿಗೆ ಅಂತಲೇ ಮಾಡಿದ್ದು ಹಾಗಾದ್ರೆ. ನೋಡಮ್ಮ, ಜನ ನನ್ನನ್ನ ದೊಡ್ಡ ದಾನಿ ಅಂತಾರೆ, ವೇದಿಕೆ ಮೇಲೆ ಕೂರಿಸ್ತಾರೆ. ನಾನು ಕೊಟ್ಟಿದ್ದು ದಾನ ಅಲ್ಲ. ನನ್ನ ಮಗ ಹತ್ತು ಜನ ಕೆಲಸ ಮಾಡೋ ಜಾಗ ಸುಟ್ಟ. ಒಂದು ನಲ್ಲಿ ಮುಚ್ಚೋಕಾಗದೆ! ಅವತ್ತು ಅಲ್ಲಿ ಬೇರೆ ಮಕ್ಕಳಿದ್ದಿದ್ರೆ? ಆ ತಾಯಂದಿರಿಗೆ ಹೇಗೆ ಮುಖ ತೋರಿಸ್ತಿದ್ದೆ? ವರದಿ ಓದಿದ ದಿನದಿಂದ ನನಗೆ ತಲೆ ಎತ್ತಿ ನಡೆಯೋಕಾಗಲಿಲ್ಲ. ಆ ತಪ್ಪಿಗೆ ಅಂತ ಕೊಟ್ಟೆ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋವಾಗ ಅವನನ್ನ ಬೈತೀನಿ. ಮುಚ್ಚೋದೊಂದು ಕೆಲಸ ಇತ್ತಲ್ಲೋ ಕತ್ತೆ, ಅದನ್ನೂ ಮರೆತೆಯಲ್ಲೋ ಅಂತ. ಒಂಬತ್ತು ವರ್ಷ ಆಯ್ತು, ಒಂದು ದಿನ ತಪ್ಪಿಸಿಲ್ಲ." ಕನ್ನಡಕ ಸಿಕ್ಕಿತು. ಏರಿಸಿಕೊಂಡು ಚೀಟಿ ಎಳೆದುಕೊಂಡಳು. "ಎಲ್ಲಿ, ಪೆನ್ನು ಕೊಡು."

ಪೆನ್ನು ಇವಳ ಕೈಯಲ್ಲಿತ್ತು. ಕೊಟ್ಟರೆ ಮುಗಿಯಿತು. ಪದಕ, ಖಾಯಂ ಕೆಲಸ, ಮನೆ. ಒಂಬತ್ತು ವರ್ಷ ಅವಳು ಹೆದರಿದ್ದು ಪೊಲೀಸರಿಗೆ, ಪ್ರೊಫೆಸರಿಗೆ, ಈ ತಾಯಿಯ ಶಾಪಕ್ಕೆ. ತನ್ನ ಪಾಲಿನ ಬೈಗುಳ ದಿನಾ ಬೆಳಿಗ್ಗೆ ಸತ್ತವನಿಗೆ ಬೀಳುತ್ತಿದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ಪೆನ್ನು ಕೊಡಲಿಲ್ಲ.

"ಅವನು ಮುಚ್ಚಿದ್ದ," ಎಂದಳು.

"ಏನು?"

"ಉದ್ದಣ್ಣ ನಲ್ಲಿ ಮುಚ್ಚಿದ್ದ ಅಮ್ಮ. ನಾನೂ ಅದೇ ಪ್ರಯೋಗಶಾಲೆಯಲ್ಲಿದ್ದೆ. ಅವನು ಹೋದ ಮೇಲೆ ನಾನು ಬಂದು ತೆರೆದೆ. ಹತ್ತು ನಿಮಿಷಕ್ಕೆ ಅಂತ. ಪುಸ್ತಕದಲ್ಲಿ ಬರೀಲಿಲ್ಲ. ಫೋನು ಬಂತು, ಮುಚ್ಚೋದು ಮರೆತೆ. ಅವನಲ್ಲ ಮರೆತಿದ್ದು. ನಾನು. ಅದನ್ನ ಯಾರಿಗೂ ಹೇಳಲಿಲ್ಲ."

ಪಕ್ಕದ ಅಂಗಡಿಯಲ್ಲಿ ಯಾರೋ ಚಪ್ಪಲಿಗೆ ಚೌಕಾಸಿ ಮಾಡುವುದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಟೈಲರಮ್ಮನ ಕೈ ಪಕ್ಕದಲ್ಲಿದ್ದ ದೊಡ್ಡ ಕತ್ತರಿಯ ಮೇಲಿತ್ತು. ಇವಳು ಅದನ್ನೇ ನೋಡುತ್ತ ಕೂತಳು. ಹೊಡೆಯಲಿ, ಕೂಗಲಿ, ರಸ್ತೆಯ ಜನವನ್ನೆಲ್ಲ ಕರೆಯಲಿ ಎನ್ನಿಸಿತು.

"ಮುಚ್ಚಿದ್ದ ಅಂತ ನಿಂಗೆ ಹೇಗೆ ಗೊತ್ತು?" ಟೈಲರಮ್ಮನ ಧ್ವನಿ ಸಣ್ಣದಾಗಿತ್ತು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ?"

"ಇಲ್ಲಮ್ಮ. ನಲ್ಲಿ ತಿರುಗಲೇ ಇಲ್ಲ. ಅವನು ಯಾವಾಗಲೂ ಬಿಗಿದುಬಿಡ್ತಿದ್ದ. ಎರಡೂ ಕೈ ಹಾಕಿ, ಬಟ್ಟೆ ಸುತ್ತಿ ತಿರುಗಿಸಬೇಕಾಯ್ತು. ಅವನನ್ನ ಬೈಕೊಂಡೇ ತೆರೆದೆ."

"ಬಿಗೀತಿದ್ದ," ಎಂದಳು ಟೈಲರಮ್ಮ. "ಮನೆಯ ನೀರಿನ ನಲ್ಲಿನೂ ಹಾಗೇ. ವಾಷರ್ ಹರಿದುಹೋಗ್ತಿತ್ತು. ಎಷ್ಟು ಸಲ ಹಾಕಿಸಿದ್ದೀನಿ!" ಆಮೇಲೆ ಅವಳು ಸ್ಟೂಲಿಗಾಗಿ ಕೈಚಾಚಿದಳು. ಸಿಗಲಿಲ್ಲ. ಗುಮಾಸ್ತರು ಓಡಿಬಂದು ಹಿಡಿದು ಕೂರಿಸಿದರು. ಕೂತವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಒಂದೇ ಸಮನೆ ಅತ್ತಳು. ಇವಳಿಗೆ ಮುಟ್ಟುವ ಧೈರ್ಯ ಬರಲಿಲ್ಲ. ಎದ್ದು ನಿಂತಳು, ಅಷ್ಟೆ.

ಎಷ್ಟು ಹೊತ್ತಾಯಿತೋ. ಟೈಲರಮ್ಮ ಮುಖ ಒರೆಸಿಕೊಂಡು ಚೀಟಿಯನ್ನು ಇವಳ ಕಡೆ ತಳ್ಳಿದಳು.

"ಇದು ಅರ್ಧ. ಯಾಕೆ ಮಾಡಿದೆ ಅಂತ ಎಲ್ಲಿದೆ? ಬರಿ."

ಗುಮಾಸ್ತರು ಮೆಲ್ಲಗೆ ಕೆಮ್ಮಿದರು. ಅವರ ಮಾತಿನ ಚಟವೆಲ್ಲ ಇಳಿದುಹೋಗಿತ್ತು. "ಮೇಡಂ, ಯೋಚನೆ ಮಾಡಿ. ಅಧ್ಯಕ್ಷರು ಇದನ್ನ ಸಭೆಯಲ್ಲಿ ಓದ್ತಾರೆ. ಪೇಪರಿನವರು ಇರ್ತಾರೆ. ಪದಕದ ಮಾತು ಬಿಡಿ, ನಿಮ್ಮ ಕೆಲಸ ಉಳಿಯಲ್ಲ. ವಿಚಾರಣೆ ಮತ್ತೆ ತೆಗೀತಾರೆ. ನಾನು ಏನೂ ಕೇಳಿಸಿಕೊಂಡಿಲ್ಲ ಅಂದ್ಕೊಳ್ತೀನಿ. ನೀವು ನೀವೇ ಮಾತಾಡಿಕೊಂಡು..."

"ಗುಮಾಸ್ತರೇ," ಎಂದಳು ಟೈಲರಮ್ಮ, "ನನ್ನ ಮಗನ ಬಗ್ಗೆ ವರದಿ ಓದಿದ್ದು ಸಭೆಯಲ್ಲೇ."

ಇವಳು ಕೂತಳು. ಮೊದಲಿನ ನಾಲ್ಕು ಸಾಲಿನ ಕೆಳಗೆ ಬರೆದಳು. 'ಆ ದಿನ ಸಂಜೆ ಆರು ಗಂಟೆಗೆ ಅವನು ನಲ್ಲಿ ಮುಚ್ಚಿ, ಸಹಿ ಹಾಕಿ ಹೋದ. ಆಮೇಲೆ ತೆರೆದವಳು ನಾನು. ಮುಚ್ಚಲು ಮರೆತವಳು ನಾನು. ಅದಕ್ಕೇ ಈ ನಲ್ಲಿ ಮಾಡಿದೆ.' ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ಟೈಲರಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದಳು. 'ಮುಚ್ಚಿ' ಎನ್ನುವಲ್ಲಿ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ನಿಧಾನವಾಗಿ ಸಹಿ ಹಾಕಿ, ಶಾಯಿ ಆರಲಿ ಎಂದು ಊದಿ, ಗುಮಾಸ್ತರ ಕೈಗೆ ಕೊಟ್ಟಳು. ಅವರು ಅದನ್ನು ಚೀಲದಲ್ಲಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡಲಾರದೆ ಬಾಗಿಲ ಹೊರಗೆ ಹೋಗಿ ನಿಂತರು.

"ಅಮ್ಮ," ಎಂದಳು ಇವಳು. "ಏನಾದರೂ ಅನ್ನಿ. ಬೈಯಿರಿ ನನ್ನ."

"ಬೈತೀನಿ. ಬಿಡ್ತೀನಾ ನಿನ್ನ?" ಟೈಲರಮ್ಮ ಕೊರಳ ಟೇಪು ತೆಗೆದು ಮೇಜಿನ ಮೇಲಿಟ್ಟಳು. "ಆದರೆ ಇವತ್ತಲ್ಲ. ಇವತ್ತು ಹೋಗು. ನಾನು ಮೊದಲು ಅವನ ಹತ್ರ ತಪ್ಪಾಯ್ತು ಅಂತ ಕೇಳ್ಕೋಬೇಕು."